ಕಡಲಿಗೂ ವಸಂತ ಬರುತ್ತದೆ: ಫೆಬ್ರವರಿ–ಮಾರ್ಚ್‌ನಲ್ಲಿ ದಂಡೆಯ ಮೇಲೆ ನಡೆದರೆ ಏನೇನು ಕಾಣಬಹುದು?

ಮಾವು ಹೂ ಬಿಟ್ಟಿತು, ಕೋಗಿಲೆ ಕೂಗತೊಡಗಿತು ಎಂದರೆ ಊರಿನಲ್ಲಿದ್ದವರಿಗೆ ವಸಂತ ಬಂದದ್ದು ತಿಳಿಯುತ್ತದೆ. ಕಡಲ ದಂಡೆಯಲ್ಲಿ ಚಿಗುರುವ ಕೊಂಬೆಗಳಿಲ್ಲ. ಅದೇ ಅಲೆ, ಅದೇ ಮರಳು, ಅದೇ ಬಿಸಿಲು. ಮಳೆಗಾಲ ಒಂದನ್ನು ಬಿಟ್ಟರೆ ಕಡಲಿಗೆ ಋತುವೇ ಇಲ್ಲವೇನೋ ಎಂದು ಅನಿಸುವುದು ಸಹಜ.

ಆದರೆ ಕಾರವಾರ, ಮಲ್ಪೆ ಅಥವಾ ಮುಂಬೈನ ಯಾವುದೇ ದಂಡೆಗೆ ಫೆಬ್ರವರಿ ಮೊದಲ ವಾರ ಒಮ್ಮೆ, ಮಾರ್ಚ್ ಕೊನೆಯ ವಾರ ಇನ್ನೊಮ್ಮೆ ಹೋಗಿ ಗಲ್ ಹಕ್ಕಿಗಳ ತಲೆಯನ್ನಷ್ಟೇ ನೋಡಿ. ಮೊದಲ ಸಲ ಅವುಗಳ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಎರಡನೇ ಸಲ ಅದೇ ಹಕ್ಕಿಗಳಲ್ಲಿ ಅನೇಕವು ಕಾಫಿ ಬಣ್ಣದ ಕುಲಾವಿ ತೊಟ್ಟಂತೆ ಕಾಣುತ್ತವೆ. ಇವು ಕಂದು ತಲೆಯ ಗಲ್‌ಗಳು. ಚಳಿಗಾಲಕ್ಕೆ ನಮ್ಮ ಕಡಲಿಗೆ ಬರುವ ಇವು ಮರಿ ಮಾಡುವುದು ಲಡಾಖ್ ಮತ್ತು ಟಿಬೆಟ್ ಪ್ರಸ್ಥಭೂಮಿಯ ಸರೋವರಗಳಲ್ಲಿ. ಹೊರಡುವ ಮುನ್ನ ತಲೆಯ ಹಳೆಯ ಗರಿ ಉದುರಿ ಹೊಸ ಗರಿ ಬರುತ್ತದೆ. ಸಂಗಾತಿಯನ್ನು ಹುಡುಕುವ ಕಾಲಕ್ಕೆ ಬೇಕಾದ ಉಡುಪು ಅದು. ಕಡಲಲ್ಲಿ ವಸಂತದ ಗುರುತು ಹುಡುಕುವವರಿಗೆ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ದುರ್ಬೀನು ಕೂಡ ಬೇಕಿಲ್ಲ, ಮೀನು ಇಳಿಸುವ ಜಾಗದಲ್ಲಿ ಅವು ಹತ್ತಿಪ್ಪತ್ತು ಅಡಿ ಹತ್ತಿರಕ್ಕೇ ಬರುತ್ತವೆ. ದೆಹಲಿಯಲ್ಲಿರುವವರಿಗೆ ಕಡಲು ದೂರ, ಆದರೂ ಚಳಿಗಾಲದಲ್ಲಿ ಯಮುನಾ ಘಾಟ್‌ನಲ್ಲಿ ದೋಣಿಗಳ ಸುತ್ತ ಮುತ್ತಿಕೊಳ್ಳುವುದು ಇದೇ ಬಳಗದ ಗಲ್‌ಗಳೇ.

ಫೆಬ್ರವರಿಯಿಂದ ಮಾರ್ಚ್ ಕೊನೆಯವರೆಗಿನ ಈ ಎರಡು ತಿಂಗಳು ದಂಡೆಯ ಮೇಲೆ ಒಟ್ಟಿಗೆ ಎರಡು ಸಂಗತಿಗಳು ನಡೆಯುತ್ತವೆ. ವಲಸೆ ಬಂದ ಹಕ್ಕಿಗಳು ವಾಪಸು ಹೊರಡಲು ಸಿದ್ಧವಾಗುತ್ತವೆ. ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಎರಡಕ್ಕೂ ನಾವು ನಡೆದಾಡುವ ಅದೇ ಮರಳಿನ ಪಟ್ಟಿ ಬೇಕು.

ಹೊರಡುವ ಮೊದಲು ಪಂಚಾಂಗ ನೋಡಿ

ಕಡಲ ನಡಿಗೆಗೆ ಗಡಿಯಾರಕ್ಕಿಂತ ಮುಖ್ಯವಾದದ್ದು ಭರತ–ಇಳಿತದ ಲೆಕ್ಕ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಹೊತ್ತಿಗೆ ಸೂರ್ಯ, ಚಂದ್ರರ ಸೆಳೆತ ಒಂದುಗೂಡುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅದರ ಮಾರನೇ ದಿನ, ಮೂರನೇ ದಿನ ಇಳಿತ ಇನ್ನೂ ಚೆನ್ನಾಗಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ವ್ಯತ್ಯಾಸ ಕಡಿಮೆ. ದಿನದಿಂದ ದಿನಕ್ಕೆ ಇಳಿತದ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇಂದು ಬೆಳಗ್ಗೆ 6ಕ್ಕೆ ಇಳಿತವಿದ್ದರೆ ನಾಳೆ 7ರ ಹತ್ತಿರ ಎಂದು ಲೆಕ್ಕ ಹಾಕಿಕೊಳ್ಳಬಹುದು. ಮಾರ್ಚ್‌ನಲ್ಲಿ ಹಗಲು–ರಾತ್ರಿ ಸಮವಾಗುವ ದಿನಗಳ ಹತ್ತಿರದ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಈ ಏರಿಳಿತ ಸಾಮಾನ್ಯವಾಗಿ ಇನ್ನಷ್ಟು ಜೋರು.

ಊರಿನಿಂದ ಊರಿಗೆ ಇದು ಬದಲಾಗುತ್ತದೆ. ಮುಂಬೈಯಲ್ಲಿ ದೊಡ್ಡ ಭರತಕ್ಕೂ ಇಳಿತಕ್ಕೂ ನಡುವೆ 4 ಮೀಟರ್‌ಗಿಂತ ಹೆಚ್ಚು ಅಂತರ. ಮಂಗಳೂರು, ಕಾರವಾರಗಳಲ್ಲಿ ಅದು ಒಂದೂವರೆಯಿಂದ ಎರಡು ಮೀಟರ್‌ನಷ್ಟು, ಚೆನ್ನೈಯಲ್ಲಿ ಒಂದು ಮೀಟರ್ ಆಸುಪಾಸು. ಹಾಗಾಗಿಯೇ ನೀರು ಇಳಿದಾಗ ಬಯಲಾಗುವ ಬಂಡೆ, ಹೊಂಡಗಳ ಜೀವಿಗಳನ್ನು ನೋಡಲು ದೇಶದ ಅತಿ ಗದ್ದಲದ ನಗರವಾದ ಮುಂಬೈಯೇ ಒಳ್ಳೆಯ ಜಾಗ. ನಂಬಲು ಕಷ್ಟ, ಆದರೆ ನಿಜ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಭರತ ನಡುಹಗಲಿಗೆ ಬೀಳುವುದರಿಂದ ಇಳಿತ ಮುಂಜಾನೆ ಮತ್ತು ಸಂಜೆಗೆ ಬರುತ್ತದೆ. ಬಿಸಿಲಿನ ಕಾಟವೂ ಇಲ್ಲ, ಆಫೀಸಿಗೆ ರಜೆಯೂ ಬೇಡ.

ಇಳಿತಕ್ಕೆ ಒಂದು ಗಂಟೆ ಮೊದಲೇ ದಂಡೆ ತಲುಪಿ, ನೀರಿನ ಹಿಂದೆಯೇ ಇಳಿಯುವುದು ಒಳ್ಳೆಯದು. ನೀರು ತಿರುಗಿ ಏರತೊಡಗಿದ ಕೂಡಲೇ ಹಿಂದಕ್ಕೆ ಬನ್ನಿ. ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದವರ ಹಿಂದಿನ ದಾರಿ ನೀರಿನಲ್ಲಿ ಮುಚ್ಚಿಹೋಗುವುದು ಪ್ರತಿವರ್ಷ ಎಲ್ಲಾದರೂ ನಡೆಯುತ್ತದೆ.

ಮರಳು ಓದುವುದು ಹೇಗೆ?

ಬೆಳಗಿನ ಜಾವದ ಮರಳು ರಾತ್ರಿಯ ದಿನಚರಿ ಇದ್ದಂತೆ. ವಾಕಿಂಗ್‌ನವರು, ಕುದುರೆಗಾಡಿಗಳು, ಕ್ರಿಕೆಟ್ ಹುಡುಗರು ಬರುವ ಮೊದಲು ಹೋದರೆ ಮಾತ್ರ ಅದನ್ನು ಓದಬಹುದು.

ಒದ್ದೆ ಮರಳಿನ ಮೇಲೆ ಸಾಸಿವೆಯಿಂದ ಕಡಲೆ ಕಾಳಿನಷ್ಟು ದಪ್ಪದ ಮರಳಿನ ಉಂಡೆಗಳು ರಂಗೋಲಿಯಂತೆ ಹರಡಿರುವುದನ್ನು ಬಹಳ ಜನ ನೋಡಿರುತ್ತಾರೆ. ಅದು ಉಗುರಿನಷ್ಟೇ ದೊಡ್ಡ ಏಡಿಯ ಊಟದ ಎಲೆ. ನೀರು ಇಳಿದ ಮೇಲೆ ಬಿಲದಿಂದ ಹೊರಬರುವ ಈ ಏಡಿ ಮರಳನ್ನು ಬಾಯಿಗಿಟ್ಟು, ಕಣಗಳಿಗೆ ಅಂಟಿದ ಸೂಕ್ಷ್ಮ ಪಾಚಿ, ಕೊಳೆತ ಜೈವಿಕ ಚೂರುಗಳನ್ನು ತಿಂದು, ಉಳಿದ ಸ್ವಚ್ಛ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಒಂದೇ ಜಾಗವನ್ನು ಎರಡು ಸಲ ತಿನ್ನಬಾರದಲ್ಲ, ಉಂಡೆ ಬಿದ್ದ ಕಡೆ ಅದು ಮತ್ತೆ ಹೋಗುವುದಿಲ್ಲ. ಮುಂದಿನ ಭರತ ಬಂದು ಎಲ್ಲ ಅಳಿಸಿ ಹೊಸ ಎಲೆ ಹಾಕಿಕೊಡುತ್ತದೆ. ನೀವು ಅಲುಗಾಡದೆ ಐದು ನಿಮಿಷ ಕುಕ್ಕರಗಾಲಲ್ಲಿ ಕೂತರೆ ಅಡಗಿದ್ದವೆಲ್ಲ ಒಂದೊಂದಾಗಿ ಹೊರಬಂದು ಕೆಲಸ ಮುಂದುವರಿಸುತ್ತವೆ. ಮಕ್ಕಳನ್ನು ಐದು ನಿಮಿಷ ಸುಮ್ಮನೆ ಕೂರಿಸಲು ಇದೊಂದು ಉಪಾಯವೂ ಹೌದು.

ಸ್ವಲ್ಪ ಮೇಲೆ, ಒಣ ಮರಳಿನಲ್ಲಿ ಮುಷ್ಟಿ ಗಾತ್ರದ ತೂತುಗಳಿದ್ದರೆ ಅವು ದೊಡ್ಡ ಏಡಿಗಳದ್ದು. ಇಂಗ್ಲಿಷಿನಲ್ಲಿ ಇವನ್ನು ಭೂತದ ಏಡಿ ಎಂದು ಕರೆಯುತ್ತಾರೆ. ಮರಳಿನದೇ ಬಣ್ಣ, ಕಂಡಿತು ಎನ್ನುವಷ್ಟರಲ್ಲಿ ಮಾಯ. ಹೆಚ್ಚಾಗಿ ರಾತ್ರಿ ಓಡಾಡುವ ಇವು ಸತ್ತ ಮೀನು, ಹುಳು, ಆಮೆಮರಿ ಯಾವುದನ್ನೂ ಬಿಡುವುದಿಲ್ಲ. ದಂಡೆಯ ಪೌರಕಾರ್ಮಿಕರು ಎಂದರೂ ತಪ್ಪಲ್ಲ. ಹೆಚ್ಚು ಜನ, ವಾಹನ ಓಡಾಡುವ ದಂಡೆಗಳಲ್ಲಿ ಇವುಗಳ ಬಿಲ ಕಡಿಮೆಯಾಗುತ್ತದೆ. ಹಾಗಾಗಿ ಒಂದು ದಂಡೆಯ ಆರೋಗ್ಯ ಹೇಗಿದೆ ಎಂದು ಅಂದಾಜು ಮಾಡಲು ವಿಜ್ಞಾನಿಗಳು ಹಲವು ದೇಶಗಳಲ್ಲಿ ಈ ತೂತುಗಳನ್ನೇ ಎಣಿಸುತ್ತಾರೆ.

ಇನ್ನೊಂದು ಗುರುತು ಇದೆ. ನೀರಿನಿಂದ ನೇರ ಮೇಲಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಮತ್ತೆ ನೀರಿಗೆ ಇಳಿದ, ಎರಡೂವರೆ ಅಡಿ ಅಗಲದ ಹಾದಿ. ಸಣ್ಣ ಟ್ರ್ಯಾಕ್ಟರ್ ಓಡಿಸಿದ ಹಾಗೆ, ಆದರೆ ಎಡ, ಬಲ ಗುರುತುಗಳು ಸಮಸಮ ಇಲ್ಲ, ಒಂದಾದ ಮೇಲೊಂದು ಬಿದ್ದಿರುತ್ತವೆ. ಮೇಲಿನ ತುದಿಯಲ್ಲಿ ಮರಳು ಕೆದರಿ, ತಟ್ಟಿ ಮಟ್ಟ ಮಾಡಿದಂತಿರುತ್ತದೆ. ಅದು ಕಂಡರೆ ಅಲ್ಲೇ ನಿಲ್ಲಿ. ರಾತ್ರಿ ಅಲ್ಲೊಂದು ಕಡಲಾಮೆ ಬಂದು ಹೋಗಿದೆ.

ಬರುವುದು ಒಂದು ಗಂಟೆಗೆ

ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ ಎಂಬ ಜಾತಿ. ಚಿಪ್ಪು ಎರಡು ಅಡಿಗಿಂತ ಸ್ವಲ್ಪ ಉದ್ದ, ತೂಕ 35ರಿಂದ 50 ಕೆ.ಜಿ. ಕಡಲಾಮೆಗಳ ಪೈಕಿ ಇದು ಚಿಕ್ಕ ಜಾತಿ. ವರ್ಷದ ಉಳಿದೆಲ್ಲ ದಿನ ಕಡಲಲ್ಲೇ ಇರುವ ಹೆಣ್ಣಾಮೆ ದಡ ಹತ್ತುವುದು ಮೊಟ್ಟೆಗಾಗಿ ಮಾತ್ರ. ಗಂಡು ಹುಟ್ಟಿ ನೀರಿಗಿಳಿದ ಮೇಲೆ ಸಾಮಾನ್ಯವಾಗಿ ಮತ್ತೆ ದಡ ನೋಡುವುದೇ ಇಲ್ಲ.

ಭರತದ ಗೆರೆ ದಾಟಿ ಒಣ ಮರಳಿಗೆ ಬಂದ ಆಮೆ ಹಿಂಗಾಲುಗಳಿಂದ ಸುಮಾರು ಒಂದೂವರೆ ಅಡಿ ಆಳದ, ತಂಬಿಗೆಯಾಕಾರದ ಗುಂಡಿ ತೋಡುತ್ತದೆ. ಪಿಂಗ್‌ಪಾಂಗ್ ಚೆಂಡಿನಂತಹ 100–120 ಮೊಟ್ಟೆ ಇಡುತ್ತದೆ. ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿ ಹೊರಟುಹೋಗುತ್ತದೆ. ಎಲ್ಲ ಸೇರಿ ಒಂದು ಗಂಟೆಯೊಳಗಿನ ಕೆಲಸ. ಮತ್ತೆ ಅದು ತಿರುಗಿ ನೋಡುವುದಿಲ್ಲ. 45ರಿಂದ 60 ದಿನಗಳ ನಂತರ ಮರಿಗಳು ಒಟ್ಟಾಗಿ ಮರಳು ಕೆದರಿಕೊಂಡು ಮೇಲೆ ಬರುತ್ತವೆ. ಫೆಬ್ರವರಿಯಲ್ಲಿಟ್ಟ ಮೊಟ್ಟೆಯ ಮರಿ ಹೊರಬರುವುದು ಮಾರ್ಚ್ ಕೊನೆ ಅಥವಾ ಏಪ್ರಿಲ್‌ಗೆ.

ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುವುದು ಮರಳಿನ ಬಿಸಿ. ಸುಮಾರು 30 ಡಿಗ್ರಿಗಿಂತ ಹೆಚ್ಚಿದ್ದರೆ ಹೆಚ್ಚಿನವು ಹೆಣ್ಣು, ಕಡಿಮೆಯಿದ್ದರೆ ಗಂಡು. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿರುವಾಗ ಇದು ಸಣ್ಣ ವಿಷಯವಲ್ಲ. ಬಿಸಿ ಇನ್ನೂ ಹೆಚ್ಚಿದರೆ ಮೊಟ್ಟೆಯೊಳಗೇ ಮರಿ ಸಾಯುತ್ತದೆ.

ಒಡಿಶಾದ ಋಷಿಕುಲ್ಯಾ, ಗಹಿರ್ಮಾಥಾ ದಂಡೆಗಳಲ್ಲಿ ಲಕ್ಷಗಟ್ಟಲೆ ಆಮೆಗಳು ಕೆಲವೇ ದಿನಗಳಲ್ಲಿ ಒಟ್ಟಿಗೆ ಬರುವ ದೃಶ್ಯ ಟಿವಿಯಲ್ಲಿ ನೋಡಿರುತ್ತೀರಿ. 2025ರ ಫೆಬ್ರವರಿಯಲ್ಲಿ ಋಷಿಕುಲ್ಯಾ ಒಂದರಲ್ಲೇ ಸುಮಾರು 7 ಲಕ್ಷ ಆಮೆಗಳು ಬಂದವು. ಪಶ್ಚಿಮ ಕರಾವಳಿಯಲ್ಲಿ ಹಾಗಿಲ್ಲ. ಇಲ್ಲಿ ಒಂಟಿ ಆಮೆ, ಒಂಟಿ ರಾತ್ರಿ. ಹೊನ್ನಾವರದ ಕಾಸರಕೋಡ ಟೊಂಕ, ಕುಂದಾಪುರ ಸುತ್ತಲಿನ ದಂಡೆಗಳಲ್ಲಿ ಗೂಡು ಕಾಣುವುದು ಸಾಮಾನ್ಯ. ದಕ್ಷಿಣ ಕನ್ನಡದಲ್ಲಿ ಬಹಳ ವರ್ಷಗಳ ನಂತರ 2024ರ ಆರಂಭದಲ್ಲಿ ಸಸಿಹಿತ್ಲು, ತಣ್ಣೀರುಬಾವಿ ದಂಡೆಗಳಲ್ಲಿ ಗೂಡುಗಳು ಸಿಕ್ಕಾಗ ಅರಣ್ಯ ಇಲಾಖೆ ಅವಕ್ಕೆ ಬಲೆಯ ಬೇಲಿ ಕಟ್ಟಿ ಕಾವಲು ಕೂರಿಸಿತ್ತು. ಬೇಲಿ ಮನುಷ್ಯರಿಗಿಂತ ಹೆಚ್ಚಾಗಿ ಬೀದಿನಾಯಿಗಳಿಗಾಗಿ. ಮೊಟ್ಟೆಯ ವಾಸನೆ ಹಿಡಿದರೆ ನಾಲ್ಕು ನಾಯಿಗಳಿಗೆ ಒಂದು ಗೂಡು ಬಗೆಯಲು ಹೆಚ್ಚು ಹೊತ್ತು ಬೇಕಿಲ್ಲ.

ಮುಂಬೈ, ಪುಣೆಯವರಿಗೆ ಹತ್ತಿರದ್ದು ರತ್ನಾಗಿರಿ ಜಿಲ್ಲೆಯ ಮಂಡಣಗಡ ತಾಲೂಕಿನ ವೇಳಾಸ್. ಚಿಪಳೂಣಿನ ಸಹ್ಯಾದ್ರಿ ನಿಸರ್ಗ ಮಿತ್ರ ಸಂಸ್ಥೆ 2002ರಿಂದ ಇಲ್ಲಿ ಕೆಲಸ ಶುರುಮಾಡಿತು. ಒಂದು ಕಾಲಕ್ಕೆ ಮೊಟ್ಟೆ ತೆಗೆದು ತಿನ್ನುತ್ತಿದ್ದ, ಮಾರುತ್ತಿದ್ದ ಕರಾವಳಿಯಲ್ಲಿ ಊರಿನವರೇ ಕಾವಲುಗಾರರಾದರು. ಈಗ ಮರಿಗಳು ಹೊರಬರುವ ದಿನಗಳಲ್ಲಿ ಆಮೆ ಉತ್ಸವ ನಡೆಯುತ್ತದೆ. ಬಂದವರು ಊರಿನ ಮನೆಗಳಲ್ಲೇ ಉಳಿದು, ಅವರು ಮಾಡಿದ್ದನ್ನೇ ಉಂಡು, ಬೆಳಗ್ಗೆ, ಸಂಜೆ ಮರಿಗಳು ನೀರಿಗಿಳಿಯುವುದನ್ನು ಹಗ್ಗದ ಈಚೆ ನಿಂತು ನೋಡುತ್ತಾರೆ. ಹೋದ ದಿನವೇ ಮರಿ ಬಂದೇ ಬರುತ್ತದೆ ಎಂಬ ಖಾತರಿ ಇಲ್ಲ. ಆ ಅನಿಶ್ಚಯವೇ ಇಷ್ಟವಾಗುವವರು ಹೋದರೆ ಚೆನ್ನ.

ನಗರದೊಳಗೂ ಇದು ಆಗುತ್ತದೆ. 2018ರ ಮಾರ್ಚ್‌ನಲ್ಲಿ ಮುಂಬೈನ ವರ್ಸೋವಾ ದಂಡೆಯಲ್ಲಿ ಆಮೆಮರಿಗಳು ಕಾಣಿಸಿಕೊಂಡವು. ಸೊಂಟದವರೆಗೆ ಪ್ಲಾಸ್ಟಿಕ್ ತುಂಬಿದ್ದ ಆ ದಂಡೆಯನ್ನು ಸ್ವಯಂಸೇವಕರು ಎರಡು ವರ್ಷಕ್ಕೂ ಹೆಚ್ಚು ಕಾಲ ವಾರವಾರ ಸ್ವಚ್ಛ ಮಾಡಿದ್ದರು. ಚೆನ್ನೈಯಲ್ಲಂತೂ ವಿದ್ಯಾರ್ಥಿಗಳ ಕಡಲಾಮೆ ಸಂರಕ್ಷಣಾ ಜಾಲ 1988ರಿಂದಲೂ ಪ್ರತಿವರ್ಷ ಈ ತಿಂಗಳುಗಳಲ್ಲಿ ರಾತ್ರಿಯಿಡೀ ನೀಲಾಂಕರೈ, ಬೆಸೆಂಟ್ ನಗರ ಕಡೆಯ ದಂಡೆಯಲ್ಲಿ ನಡೆದು ಗೂಡು ಹುಡುಕುತ್ತದೆ. ಸಿಕ್ಕ ಮೊಟ್ಟೆಗಳನ್ನು ಕಾವಲಿರುವ ಮರಿಮನೆಗೆ ಸಾಗಿಸುತ್ತದೆ. ವಾರಾಂತ್ಯದ ಕೆಲವು ರಾತ್ರಿ ಸಾರ್ವಜನಿಕರೂ ಜೊತೆಯಾಗಬಹುದು. ಚೆನ್ನೈ ಕನ್ನಡಿಗರಿಗೆ ಮನೆ ಬಾಗಿಲಲ್ಲೇ ಇರುವ ಅವಕಾಶ ಇದು. ಆದರೆ ಹಲವು ಕಿಲೋಮೀಟರ್ ಮರಳಲ್ಲಿ ನಡೆಯಬೇಕು, ಟಾರ್ಚ್ ಹಾಕುವಂತಿಲ್ಲ, ನಿದ್ದೆ ಬಿಡಬೇಕು.

ಸತ್ತ ಆಮೆ ಕಂಡರೆ

ಇದೇ ನಡಿಗೆಯಲ್ಲಿ ಕಾಣಬೇಕಾಗಿ ಬರುವ ಬೇಸರದ ನೋಟವೂ ಒಂದಿದೆ. 2025ರ ಜನವರಿಯಲ್ಲಿ ಚೆನ್ನೈ ಸುತ್ತಮುತ್ತಲಿನ ದಂಡೆಗಳಿಗೆ ಸಾವಿರಕ್ಕೂ ಹೆಚ್ಚು ಆಲಿವ್ ರಿಡ್ಲಿಗಳ ಕಳೇಬರ ಬಂದು ಬಿದ್ದವು. ಕಣ್ಣು ಉಬ್ಬಿ, ಕುತ್ತಿಗೆ ಊದಿದ್ದ ಆಮೆಗಳು. ನೀರಿನಲ್ಲಿ ಉಸಿರು ಕಟ್ಟಿ ಸತ್ತದ್ದರ ಲಕ್ಷಣ ಅದು.

ಆಮೆ ನೀರಿನಲ್ಲಿ ಮುಳುಗಿ ಸಾಯುವುದೇ ಎಂದು ಕೇಳಬಹುದು. ಅದಕ್ಕಿರುವುದು ಶ್ವಾಸಕೋಶ, ಕಿವಿರಲ್ಲ. ಆಗಾಗ ಮೇಲೆ ಬಂದು ಉಸಿರಾಡಲೇಬೇಕು. ಗಂಟೆಗಟ್ಟಲೆ ಎಳೆಯುವ ಟ್ರಾಲ್ ಬಲೆಯೊಳಗೆ ಸಿಕ್ಕರೆ ಮೇಲೆ ಬರಲಾಗದು. ಮೊಟ್ಟೆಯಿಡುವ ಕಾಲದಲ್ಲಿ ಆಮೆಗಳು ದಡಕ್ಕೆ ಹತ್ತಿರದ ನೀರಿನಲ್ಲೇ ವಾರಗಟ್ಟಲೆ ಸೇರಿಕೊಂಡಿರುತ್ತವೆ. ಸಿಗಡಿಯೂ ಅಲ್ಲೇ. ತಮಿಳುನಾಡಿನಲ್ಲಿ ದಡದಿಂದ 5 ನಾಟಿಕಲ್ ಮೈಲಿಯೊಳಗೆ ಟ್ರಾಲರ್ ಬರಬಾರದು ಎಂಬ ನಿಯಮವಿದೆ. ನಿಯಮ ಇರುವುದಕ್ಕೂ ಪಾಲನೆಯಾಗುವುದಕ್ಕೂ ನಡುವಿನ ಅಂತರ ಆ ಜನವರಿಯಲ್ಲಿ ದಂಡೆಗೆ ಬಂದು ಬಿತ್ತು. ಇನ್ನೊಂದು ಮಾತು: ಪೂರ್ವ ಕರಾವಳಿಯಲ್ಲಿ ವಾರ್ಷಿಕ ಮೀನುಗಾರಿಕೆ ನಿಷೇಧ ಶುರುವಾಗುವುದು ಏಪ್ರಿಲ್ 15ಕ್ಕೆ, ಪಶ್ಚಿಮದಲ್ಲಿ ಜೂನ್ 1ಕ್ಕೆ. ಮೀನಿನ ಸಂತಾನಕ್ಕೆಂದು ಮಾಡಿದ ರಜೆ ಅದು. ಅಷ್ಟರಲ್ಲಿ ಆಮೆಗಳ ಕಾಲ ಬಹುತೇಕ ಮುಗಿದಿರುತ್ತದೆ.

ಪರಿಹಾರ ಇಲ್ಲವೆಂದಲ್ಲ. ಬಲೆಯ ಕತ್ತಿನ ಬಳಿ ಒಂದು ಲೋಹದ ಜಾಲರಿ, ಅದರ ಪಕ್ಕ ಒಂದು ಕಿಂಡಿ. ಸಿಗಡಿ ಜಾಲರಿ ದಾಟಿ ಒಳಗೆ ಹೋಗುತ್ತದೆ, ದೊಡ್ಡ ಆಮೆ ಜಾಲರಿಗೆ ಬಡಿದು ಕಿಂಡಿಯಿಂದ ಹೊರಹೋಗುತ್ತದೆ. ಕಿಂಡಿಯಲ್ಲಿ ಒಂದಿಷ್ಟು ಮೀನೂ ಹೋಗುತ್ತದೆ ಎಂಬುದು ಮೀನುಗಾರರ ತಕರಾರು. ಡೀಸೆಲ್ ಬೆಲೆ ನೋಡಿದರೆ ಆ ತಕರಾರನ್ನು ತಳ್ಳಿಹಾಕುವಂತೆಯೂ ಇಲ್ಲ. ಆದರೆ ಈ ಸಾಧನದ ಬಳಕೆ ಇಲ್ಲವೆಂಬ ಕಾರಣಕ್ಕೇ ಅಮೆರಿಕ 2019ರಲ್ಲಿ ಭಾರತದ ಕಡಲಲ್ಲಿ ಹಿಡಿದ ಸಿಗಡಿಯ ಆಮದು ನಿಲ್ಲಿಸಿತು. ಆ ನಷ್ಟವೂ ಕೊನೆಗೆ ಬೀಳುವುದು ಅದೇ ಮೀನುಗಾರರ ಮೇಲೆ.

ದಂಡೆಯಲ್ಲಿ ಸತ್ತ ಆಮೆ ಕಂಡರೆ ಮುಟ್ಟದೆ ಫೋಟೋ ತೆಗೆದು, ಜಾಗ ಮತ್ತು ಹೊತ್ತು ಬರೆದುಕೊಂಡು ಅರಣ್ಯ ಇಲಾಖೆಯ ವಲಯ ಕಚೇರಿಗೋ ಕರಾವಳಿ ಕಾವಲು ಪೊಲೀಸರಿಗೋ ತಿಳಿಸಿ. ಎಷ್ಟು ಸತ್ತವು ಎಂಬ ಲೆಕ್ಕ ಸಿಗುವುದು ಹೀಗೆ ನಡೆದಾಡುವವರಿಂದಲೇ. ಜೀವಂತ ಆಮೆ ಮೊಟ್ಟೆಯಿಡಲು ಬಂದದ್ದು ಕಂಡರೆ ದೂರದಲ್ಲಿ, ಅದರ ಹಿಂಬದಿಯಲ್ಲಿ ಸುಮ್ಮನೆ ಕುಳಿತುಬಿಡಿ. ಟಾರ್ಚ್, ಫ್ಲ್ಯಾಷ್ ಯಾವುದೂ ಬೇಡ. ಹೆದರಿದರೆ ಅದು ಮೊಟ್ಟೆಯಿಡದೆ ವಾಪಸು ಹೋಗುತ್ತದೆ. ಮರಿಗಳು ನೀರಿನ ದಾರಿ ಹಿಡಿಯುವುದು ಬೆಳಕು ನೋಡಿ. ಕತ್ತಲ ರಾತ್ರಿಯಲ್ಲಿ ನೆಲಕ್ಕಿಂತ ಕಡಲ ಮೇಲಿನ ಆಕಾಶ ತುಸು ಬೆಳ್ಳಗಿರುತ್ತದೆ. ದಂಡೆಯ ಹಿಂದೆ ರೆಸಾರ್ಟಿನ ದೀಪ ಉರಿಯುತ್ತಿದ್ದರೆ ಅವು ಅತ್ತಲೇ ತೆವಳಿ, ಬೆಳಗಾಗುವಷ್ಟರಲ್ಲಿ ಕಾಗೆಗಳ ಪಾಲಾಗುತ್ತವೆ. ದೊಡ್ಡದಾಗುವ ಮರಿಗಳ ಸಂಖ್ಯೆ ಸಾವಿರಕ್ಕೆ ಒಂದು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಕಡಲ್ಕೊರೆತ ತಡೆಯಲು ಬಂಡೆ ಸುರಿದ ಕಡೆ ಇನ್ನೊಂದು ತೊಂದರೆ. ಉಳ್ಳಾಲದಿಂದ ಉಡುಪಿಯವರೆಗೆ ಅನೇಕ ಕಡೆ ಇಂತಹ ಕಲ್ಲಿನ ಸಾಲುಗಳಿವೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವವರಿಗೆ ಅದು ಬೇಕು. ಆಮೆಗೆ ಮಾತ್ರ ಅದನ್ನು ಹತ್ತಲಾಗದು. ಕಲ್ಲಿನ ಬುಡದವರೆಗೆ ಬಂದು ಹಾಗೇ ತಿರುಗಿಹೋದ ಹಾದಿಯನ್ನು ನೀವು ನೋಡಲೂಬಹುದು.

ಟಿಬೆಟ್‌ಗೆ ಹೊರಟವರು

ಅಲೆಯ ಅಂಚಿನಲ್ಲಿ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಹಕ್ಕಿಗಳು ಗುಂಪಾಗಿ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುತ್ತವೆ. ಬೂದುಗಂದು ಬೆನ್ನು, ಬಿಳಿ ಹೊಟ್ಟೆ. ಫೆಬ್ರವರಿಯಲ್ಲಿ ಇವುಗಳನ್ನು ಗುರುತಿಸುವುದು ಪರಿಣತರಿಗೂ ತಲೆನೋವು. ಮಾರ್ಚ್ ಬಂದಂತೆ ಕೆಲಸ ಹಗುರ. ಎದೆಯ ಮೇಲೆ ಇಟ್ಟಿಗೆ ಬಣ್ಣದ ಪಟ್ಟಿ, ಕಣ್ಣಿನ ಮೇಲೆ ಕಪ್ಪು ಮುಖವಾಡ ಮೂಡಿದರೆ ಅದು ಸ್ಯಾಂಡ್ ಪ್ಲೋವರ್. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಾಗಿ ಕಾಣುವ ಚಿಕ್ಕ ಜಾತಿಯನ್ನು ಈಗ ಟಿಬೆಟ್ ಸ್ಯಾಂಡ್ ಪ್ಲೋವರ್ ಎಂದೇ ಕರೆಯುತ್ತಾರೆ. ಹೊಟ್ಟೆಯವರೆಗೆ ಕೆಂಪಾಗುತ್ತಿರುವ, ಕೆಳಕ್ಕೆ ಬಾಗಿದ ಕೊಕ್ಕಿನ ಹಕ್ಕಿ ಕಂಡರೆ ಅದು ಕರ್ಲ್ಯೂ ಸ್ಯಾಂಡ್‌ಪೈಪರ್. ಅದರ ತವರು ಇನ್ನೂ ದೂರ, ಸೈಬೀರಿಯಾದ ಉತ್ತರದ ಅಂಚು.

ಇಷ್ಟು ದೂರ ಹಾರಲು ಇಂಧನ ಬೇಕು. ಹೊರಡುವ ಮುಂಚಿನ ವಾರಗಳಲ್ಲಿ ಈ ಹಕ್ಕಿಗಳು ತಿಂದು ತಿಂದು ಕೊಬ್ಬು ಕೂಡಿಸುತ್ತವೆ. ಕೆಲವು ಜಾತಿಗಳ ತೂಕ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಏರುತ್ತದೆ. ಊಟಕ್ಕೆ ಸಿಗುವ ಹೊತ್ತು ಇಳಿತದ ಕೆಲವು ಗಂಟೆ ಮಾತ್ರ. ಭರತ ಬಂದಾಗ ದಂಡೆಯ ಮೇಲ್ಭಾಗದಲ್ಲಿ ಗುಂಪಾಗಿ ನಿಂತು ಸುಧಾರಿಸಿಕೊಳ್ಳಬೇಕು. ಮಗುವೊಂದು ಕೈ ಬೀಸುತ್ತಾ ಗುಂಪಿನತ್ತ ಓಡುತ್ತದೆ, ಹಕ್ಕಿಗಳು ಹಾರುತ್ತವೆ, ವಿಡಿಯೊ ಚೆನ್ನಾಗಿ ಬರುತ್ತದೆ. ಹತ್ತು ನಿಮಿಷಕ್ಕೆ ಇನ್ನೊಬ್ಬರ ನಾಯಿ. ಆಮೇಲೆ ಜೀಪು. ಒಂದು ಸಲ ಹಾರಿಸಿದರೆ ಏನೂ ಆಗದು, ದಿನಕ್ಕೆ ಐವತ್ತು ಸಲ ಹಾರಿಸಿದರೆ ಕೂಡಿಟ್ಟ ಕೊಬ್ಬು ಇಲ್ಲೇ ಖರ್ಚಾಗುತ್ತದೆ. ಹಕ್ಕಿಗಳು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಸಾಕಷ್ಟು ಹತ್ತಿರ ಬಂದಿದ್ದೀರಿ ಎಂದೇ ಅರ್ಥ.

ಕೈರಂಪಣಿ ಬಲೆ ಎಳೆಯುವ ದಂಡೆಯಾದರೆ ಅಲ್ಲಿ ನಿಂತುಕೊಳ್ಳಿ. ಬಲೆ ದಡಕ್ಕೆ ಹತ್ತಿರವಾದಂತೆ ಗರುಡ, ಹದ್ದು, ಗಲ್, ರೀವ, ಬೆಳ್ಳಕ್ಕಿ ಎಲ್ಲ ಒಂದೇ ಕಡೆ ಸೇರುತ್ತವೆ. ಅದೃಷ್ಟವಿದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದೂ ಮೇಲೆ ತೇಲುತ್ತದೆ. ಎತ್ತರದ ಮರದ ಮೇಲೆ ಕಡ್ಡಿಗಳ ದೊಡ್ಡ ಗೂಡು ಕಟ್ಟಿ, ವರ್ಷ ವರ್ಷ ಅದನ್ನೇ ದುರಸ್ತಿ ಮಾಡಿಕೊಂಡು ಬಳಸುವ ಹಕ್ಕಿ ಇದು. ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪ ಇವುಗಳಿಗೆ ಹೆಸರುವಾಸಿ.

ಮುಂಬೈಯವರು ಫ್ಲೆಮಿಂಗೊ ಬಿಟ್ಟು ಮಾತಾಡಿದರೆ ಒಪ್ಪುವುದಿಲ್ಲ. ನವೆಂಬರ್‌ನಿಂದ ಬರುವ ಇವು ಮೇ ಹೊತ್ತಿಗೆ ಹೊರಡುತ್ತವೆ, ಫೆಬ್ರವರಿ–ಏಪ್ರಿಲ್ ನೋಡಲು ಒಳ್ಳೆಯ ಕಾಲ. ಠಾಣೆ ಕೊಲ್ಲಿ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಸೌಲಭ್ಯವಿದೆ.

ಬಂಡೆ ಹೊಂಡದಲ್ಲಿ ಕೈ ಹಾಕಬೇಡಿ

ಹಾಜಿ ಅಲಿ, ಗಿರಗಾಂವ್, ಜುಹು, ಕಾರ್ಟರ್ ರೋಡ್. ಮುಂಬೈನಲ್ಲಿ ದಿನಾ ಕಾರಿನಲ್ಲಿ ಹಾದುಹೋಗುವ ಈ ಜಾಗಗಳ ಬಂಡೆಗಳಲ್ಲಿ ಸ್ಪಂಜು, ಸಮುದ್ರ ಹೂವು, ಹವಳ, ಬಣ್ಣಬಣ್ಣದ ಚಿಪ್ಪಿಲ್ಲದ ಬಸವನಹುಳು, ಆಕ್ಟೋಪಸ್ ಎಲ್ಲ ಇವೆ. 2017ರಲ್ಲಿ ಶುರುವಾದ ಮರೀನ್ ಲೈಫ್ ಆಫ್ ಮುಂಬೈ ಎಂಬ ನಾಗರಿಕರ ಬಳಗ ಇಳಿತದ ಹೊತ್ತಿಗೆ ಜನರನ್ನು ಕರೆದೊಯ್ದು ಇವನ್ನು ತೋರಿಸತೊಡಗಿದ ಮೇಲೆಯೇ ನಗರಕ್ಕೆ ಇವುಗಳ ಪರಿಚಯವಾದದ್ದು. ಕೋಸ್ಟಲ್ ರೋಡ್ ಕಾಮಗಾರಿಗಾಗಿ, 2020ರಲ್ಲಿ, ಹಾಜಿ ಅಲಿ ಮತ್ತು ವರ್ಲಿಯ 18 ಹವಳ ಸಮೂಹಗಳನ್ನು ಎತ್ತಿ ಬೇರೆಡೆ ಕೂರಿಸಬೇಕಾಯಿತು. ಮುಂಬೈಯಲ್ಲಿ ಹವಳವಿದೆ ಎಂದು ಬಹುಪಾಲು ಮುಂಬೈಕರರಿಗೆ ಗೊತ್ತಾದದ್ದೇ ಆಗ.

ಇಲ್ಲಿ ನಿಯಮ ಒಂದೇ, ಮುಟ್ಟಬೇಡಿ. ಶಂಖದಂತೆ ಚೆಂದ ಕಾಣುವ ಶಂಕುವಿನಾಕಾರದ ಬಸವನಹುಳು ವಿಷದ ಮುಳ್ಳು ಚುಚ್ಚುತ್ತದೆ, ಕೆಲವು ಜಾತಿಗಳ ವಿಷಕ್ಕೆ ಮನುಷ್ಯ ಸತ್ತದ್ದೂ ಇದೆ. ಮರಳಿನ ಮೇಲೆ ಬಿದ್ದ ಕಡಲ ಹಾವು ಸತ್ತಂತೆ ಕಂಡರೂ ದೂರವಿರಿ, ಅವು ವಿಷಪೂರಿತ. ಖಾಲಿ ಚಿಪ್ಪು ಎಂದು ಜೇಬಿಗೆ ಹಾಕಿಕೊಂಡದ್ದರೊಳಗೆ ಸನ್ಯಾಸಿ ಏಡಿ ಬಾಡಿಗೆಗೆ ಇರಬಹುದು. ಹವಳ, ಕಡಲ ಕುದುರೆ, ಕೆಲವು ಶಂಖಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ. ಬರಿಗಾಲು ಬೇಡ, ಹಿಡಿತವಿರುವ ಹಳೆಯ ಶೂ ಹಾಕಿಕೊಳ್ಳಿ.

ಹೊಳೆ ಕಡಲು ಸೇರುವಲ್ಲಿ

ಮರಳಿನ ದಂಡೆ ಬೇಸರವಾದರೆ ಅಳಿವೆಗೆ ಹೋಗಿ. ಕುಮಟಾದ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಅಣೆಕಟ್ಟಿಲ್ಲದೆ ಹರಿಯುವ ನದಿ ಆದ್ದರಿಂದ ಸಿಹಿನೀರು, ಉಪ್ಪುನೀರಿನ ಹದ ಇಲ್ಲಿ ಇನ್ನೂ ಕೆಟ್ಟಿಲ್ಲ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡವಿ ಬಳಚು ಹೆಕ್ಕುವುದನ್ನು ನೋಡಬಹುದು. ಅವರು ಕೆಲಸ ಮಾಡುವ ಅದೇ ಕೆಸರಿನಲ್ಲಿ ವಲಸೆ ಹಕ್ಕಿಗಳೂ ಮೇಯುತ್ತವೆ. ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ಕೆಸರಿನ ಮೇಲೆ ಜಿಗಿಯುವ ಮೀನು, ಒಂದೇ ದೊಡ್ಡ ಕೊಂಡಿಯನ್ನು ಎತ್ತಿ ಎತ್ತಿ ಹೆಣ್ಣನ್ನು ಕರೆಯುವ ಗಂಡು ಏಡಿಗಳು ಅಲ್ಲಿ ಕಾಲ ಕೆಳಗೇ ಕಾಣುತ್ತವೆ.

ಅಳಿವೆಯ ಬಾಯಿಯಲ್ಲಿ ಬೆಳಗ್ಗೆ 8ರೊಳಗೆ, ಗಾಳಿ ಏಳುವ ಮೊದಲು, ನೀರಿನ ಮೇಲೆ ಕಣ್ಣಿಡಿ. ಈ ತಿಂಗಳುಗಳಲ್ಲಿ ಅರಬ್ಬೀ ಕಡಲು ಶಾಂತ. ಬೆನ್ನಿನ ಮೇಲೆ ಗೂನಿರುವ ಡಾಲ್ಫಿನ್‌ಗಳು ಮೀನಿನ ಹಿಂದೆ ದಡದ ಹತ್ತಿರಕ್ಕೇ ಬರುತ್ತವೆ. ಕಾರವಾರ, ಗೋಕರ್ಣ, ಮಲ್ಪೆಯ ಮೀನುಗಾರರಿಗೆ ಇದು ದಿನನಿತ್ಯದ ನೋಟ. ದೋಣಿ ಮಾಡಿಕೊಂಡು ಬೆನ್ನಟ್ಟುವುದಕ್ಕಿಂತ ದಡದ ಬಂಡೆ ಮೇಲೆ ಕುಳಿತು ಕಾಯುವುದೇ ವಾಸಿ, ಹಣವೂ ಉಳಿಯುತ್ತದೆ.

ಸಂಜೆಯ ನಂತರವೂ ಉಳಿದರೆ, ಕೆಲವು ರಾತ್ರಿ ಅಲೆ ಮುರಿಯುವ ಕಡೆ ನೀಲಿ ಬೆಳಕು ಮಿಂಚುವುದು ಕಾಣಬಹುದು. ನಾಕ್ಟಿಲುಕಾ ಎಂಬ ಏಕಕೋಶ ಜೀವಿ ಕೋಟಿಗಟ್ಟಲೆ ಸೇರಿದಾಗ, ನೀರು ಕದಡಿದ ಕೂಡಲೇ ಹೊಳೆಯುತ್ತದೆ. ನೋಡಲು ಸೊಗಸು, ಸುದ್ದಿ ಅಷ್ಟು ಸೊಗಸಲ್ಲ. ಚಳಿಗಾಲದ ಕೊನೆಯಲ್ಲಿ ಅರಬ್ಬೀ ಕಡಲಿನ ಉತ್ತರ ಭಾಗದಲ್ಲಿ ಇದು ಹೆಚ್ಚುತ್ತಿರುವುದಕ್ಕೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುವುದಕ್ಕೂ ನಂಟಿದೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಮೀನುಗಳ ಆಹಾರವಾಗುವ ಸಣ್ಣ ಸಸ್ಯಜೀವಿಗಳ ಜಾಗವನ್ನು ಇದು ಆಕ್ರಮಿಸಿಕೊಂಡರೆ ಬಲೆಗೆ ಬೀಳುವ ಮೀನೂ ಬದಲಾಗುತ್ತದೆ.

ಏಪ್ರಿಲ್ ಮಧ್ಯದ ಹೊತ್ತಿಗೆ ಕಾಫಿ ತಲೆಯ ಗಲ್‌ಗಳು ಬಹುತೇಕ ಹೊರಟುಹೋಗಿರುತ್ತವೆ. ಮರಿ ಮಾಡಲು ಇನ್ನೂ ವಯಸ್ಸಾಗದ ಕೆಲವು ಎಳೆಯ ಪ್ಲೋವರ್‌ಗಳು ಇಲ್ಲೇ ಬೇಸಿಗೆ ಕಳೆಯುತ್ತವೆ. ಕೊನೆಯ ಆಮೆ ಗೂಡುಗಳ ಬೇಲಿ ಮೇ ತನಕ ದಂಡೆಯಲ್ಲಿರುತ್ತದೆ. ಆಮೇಲೆ ಮೋಡ ಕಟ್ಟುತ್ತದೆ, ದೋಣಿಗಳು ದಡಕ್ಕೆ ಬರುತ್ತವೆ. ಪ್ಲೋವರ್‌ಗಳ ಮೊದಲ ಗುಂಪು ತಿರುಗಿ ಬರುವುದು ಆಗಸ್ಟ್ ಹೊತ್ತಿಗೆ, ಎದೆಯ ಇಟ್ಟಿಗೆ ಬಣ್ಣ ಇನ್ನೂ ಪೂರ್ತಿ ಮಾಸಿರುವುದಿಲ್ಲ.